ದಿಗಂತದಿಂದ ಹದಿನಾರು ಡಿಗ್ರಿ: ಕೆರೆ ಏರಿಯಿಂದ ಆಲ್ಫಾ ಸೆಂಟಾರಿಯನ್ನು ಅಳೆದ ಬಗೆ

ಬರಿಗಣ್ಣಿಗೆ ಒಂದೇ ಎಂದು ಕಾಣುವ, ದಕ್ಷಿಣ ಆಕಾಶದ ಆಲ್ಫಾ ಸೆಂಟಾರಿಯ ಎರಡು ನಕ್ಷತ್ರಗಳ ನಡುವಿನ ಅಂತರವನ್ನು ಬೇಲೂರು ಸೀಮೆಯಿಂದ, ಮೋಟಾರೇ ಇಲ್ಲದ ಆರು ಇಂಚಿನ ದೂರದರ್ಶಕದಲ್ಲಿ ಅಳೆಯುತ್ತೇನೆ ಎಂದು 2022ರಲ್ಲಿ ಹೇಳಿದಾಗ ನಮ್ಮ ಬಳಗದಲ್ಲಿ ಒಬ್ಬರೂ ಒಪ್ಪಲಿಲ್ಲ. ನನಗಿಂತ ಇಪ್ಪತ್ತು ವರ್ಷ ಮೊದಲೇ ದೂರದರ್ಶಕದ ಕನ್ನಡಿ ಉಜ್ಜಲು ಕುಳಿತ ಬೆಂಗಳೂರಿನ ಹಿರಿಯರೊಬ್ಬರು ಫೋನಿನಲ್ಲೇ ನಕ್ಕರು. "ಅಷ್ಟು ಕೆಳಗೆ ನಕ್ಷತ್ರ ಎಲ್ಲಿ ಕಾಣುತ್ತದೆ ಮಾರಾಯ? ಅದರ ಆವಿ ಕಾಣುತ್ತದೆ, ಅಷ್ಟೇ" ಎಂದರು. ಹಾಸನದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಗೆಳೆಯನ ತಕರಾರು ಬೇರೆ: ನಕ್ಷತ್ರದ ಹಿಂದೆ ತಿರುಗುವ ಮೌಂಟ್ (ದೂರದರ್ಶಕ ಕೂರಿಸುವ ಪೀಠ) ಇಲ್ಲದೆ ತೆಗೆದ ಅಳತೆಯನ್ನು ಯಾರು ನಂಬುತ್ತಾರೆ?

ಈಗ ನನ್ನ ಬಳಿ ಮೂರು ಋತುವಿನ ಅಂಕಿಗಳಿವೆ. ಅಳತೆ ಆರ್ಕ್‌ಸೆಕೆಂಡಿನಲ್ಲಿ, ಅಂದರೆ ಡಿಗ್ರಿಯ 3600ನೇ ಒಂದು ಪಾಲಿನಲ್ಲಿ. 2023ರಲ್ಲಿ ಏಳೂವರೆ ಆರ್ಕ್‌ಸೆಕೆಂಡಿಗೆ ಸ್ವಲ್ಪ ಮೇಲೆ, 2024ರಲ್ಲಿ ಎಂಟೂಕಾಲು ದಾಟಿತ್ತು, 2025ರಲ್ಲಿ ಒಂಬತ್ತಕ್ಕೆ ಕೂದಲೆಳೆಯಷ್ಟು ಕಡಿಮೆ. ಕಕ್ಷೆಯ ಲೆಕ್ಕ ಹೇಳುವ ಅಂತರಕ್ಕೂ ನನ್ನದಕ್ಕೂ ಒಂದೂವರೆ ದಶಾಂಶಕ್ಕಿಂತ (ಒಂದು ದಶಾಂಶ ಎಂದರೆ ಆರ್ಕ್‌ಸೆಕೆಂಡಿನ ಹತ್ತನೇ ಒಂದು ಪಾಲು) ಹೆಚ್ಚು ವ್ಯತ್ಯಾಸ ಬಂದಿಲ್ಲ. ಸುಮಾರು ಎಂಬತ್ತು ವರ್ಷಕ್ಕೊಮ್ಮೆ ಒಂದನ್ನೊಂದು ಸುತ್ತುವ ಜೋಡಿ ಅದು. ಆ ಸುತ್ತಿನ ಒಂದು ಚೂರನ್ನು ನಾನು ನನ್ನ ಕೈಯಿಂದಲೇ ಅಳೆದಿದ್ದೇನೆ. ನಕ್ಕ ಹಿರಿಯರೇ ಈಗ ಅಳತೆಗೆ ಹಿಡಿದ ವಿಡಿಯೋ ಕಡತ ಕಳಿಸು ಎನ್ನುತ್ತಿದ್ದಾರೆ. ಕಳಿಸುವ ಬದಲು ಬರೆಯುತ್ತಿದ್ದೇನೆ.

ನಮ್ಮಲ್ಲಿ ಈ ನಕ್ಷತ್ರ ದಿಗಂತದಿಂದ ಹದಿನಾರು ಡಿಗ್ರಿ ಮಾತ್ರ ಏರುತ್ತದೆ. ಅದಕ್ಕೆ ಹೆದರುವವರಿಗೆ ನಾನು ಮೊದಲು ಹೇಳುವುದು ಪುದುಚೇರಿಯ ಕತೆ. ಈ ನಕ್ಷತ್ರ ಒಂದಲ್ಲ ಎರಡು ಎಂದು ಮೊದಲು ಕಂಡವರು ಜೆಸ್ಯೂಟ್ ಪಾದ್ರಿ ಜೀನ್ ರಿಚೌಡ್. 1689ರ ಡಿಸೆಂಬರಿನಲ್ಲಿ ಪುದುಚೇರಿಯಲ್ಲಿ ಧೂಮಕೇತುವೊಂದನ್ನು ನೋಡುತ್ತಿದ್ದಾಗ ಕಂಡದ್ದು. ಪುದುಚೇರಿಯ ಅಕ್ಷಾಂಶ ಹನ್ನೆರಡು, ನಮ್ಮದು ಹದಿಮೂರು ಚಿಲ್ಲರೆ. ಅಕ್ಷಾಂಶದ ಲೆಕ್ಕದಲ್ಲಿ ಅವರಿಗೆ ನಮಗಿಂತ ಒಂದು ಡಿಗ್ರಿಯ ಅನುಕೂಲ, ಅಷ್ಟೇ. ಆ ಕಾಲದ ಗಾಜಿನಲ್ಲಿ ಬೇರೆ ಬೇರೆಯಾಗಿ ಕಂಡದ್ದು ಇವತ್ತಿನ ಕನ್ನಡಿಯಲ್ಲಿ ಕಾಣುವುದಿಲ್ಲ ಎಂದರೆ ತಪ್ಪು ಎತ್ತರದ್ದಲ್ಲ, ಬೇರೆ ಏನೋ ಇರಬೇಕು.

ಆ 'ಬೇರೆ ಏನೋ' ಹುಡುಕುವುದರಲ್ಲೇ 2022 ಪೂರ್ತಿ ಹೋಯಿತು.

ತೋಟದಲ್ಲಿ ದಕ್ಷಿಣ ದಿಗಂತ ಕಾಣುವ ಜಾಗ ಒಂದೇ: ಕಾಫಿ ಒಣಗಿಸುವ ಕಣ. ಉಳಿದ ಕಡೆ ಸಿಲ್ವರ್ ಓಕ್ ಮರಗಳು ಮೂವತ್ತು ಡಿಗ್ರಿಯವರೆಗೂ ಆಕಾಶವನ್ನು ನುಂಗಿಬಿಟ್ಟಿವೆ. ಮನೆಗೆ ಹತ್ತಿರ, ಕರೆಂಟ್ ಇದೆ, ನೆಲ ಸಮತಟ್ಟು. ಆದರೆ ಫೆಬ್ರವರಿ ಬಿಸಿಲಿನಲ್ಲಿ ದಿನವಿಡೀ ಕಾದ ಸಿಮೆಂಟು ರಾತ್ರಿ ಮೂರರವರೆಗೂ ಉಸಿರು ಬಿಡುತ್ತಲೇ ಇರುತ್ತದೆ. ನಕ್ಷತ್ರ ನೆತ್ತಿಯ ಮೇಲಿದ್ದರೆ ಅಷ್ಟು ತೊಂದರೆಯಿಲ್ಲ. ಹದಿನಾರು ಡಿಗ್ರಿಯ ನೋಟ ಕಣದ ಉದ್ದಕ್ಕೂ ಹಾದು ಹೋಗುತ್ತದೆ. ಐಪೀಸಿನಲ್ಲಿ ಕಂಡದ್ದು ಎಣ್ಣೆಯಲ್ಲಿ ಕುದಿಯುವ ಬೋಂಡಾ. ಕಣಕ್ಕೆ ನೀರು ಹೊಡೆದೆ, ತೆಂಗಿನ ಗರಿ ಹಾಸಿದೆ, ಟಾರ್ಪಾಲು ಹಾಸಿದೆ. ನೀರು ಹೊಡೆದ ರಾತ್ರಿ ಕನ್ನಡಿಯ ಮೇಲೆ ಇಬ್ಬನಿ ಕೂತಿತು. ಟಾರ್ಪಾಲಿನಿಂದ ಏನೂ ಆಗಲಿಲ್ಲ. ಆ ಇಡೀ ಋತುವಿನಲ್ಲಿ ಬಳಸಬಹುದಾದ ಒಂದು ಕಡತವೂ ಸಿಗಲಿಲ್ಲ.

ಅದೇ ಹೊತ್ತಿಗೆ ಕನ್ನಡಿಗೆ ಮತ್ತೆ ಅಲ್ಯೂಮಿನಿಯಂ ಲೇಪ ಹಾಕಿಸಬೇಕಾಯಿತು. ಎರಡೂವರೆ ಸಾವಿರ, ಕೊರಿಯರ್ ಬೇರೆ. ವಾಪಸು ಬರುವಾಗ ಅಂಚಿನಲ್ಲಿ ಉಗುರಿನಷ್ಟು ಚಕ್ಕೆ ಎದ್ದಿತ್ತು. ಕೊರಿಯರಿನವರು "ಗಾಜು ಎಂದು ಬರೆದಿರಲಿಲ್ಲ" ಎಂದರು. ನಾಲ್ಕೂ ಬದಿಗೆ ಕೆಂಪು ಶಾಯಿಯಲ್ಲಿ ಬರೆದಿತ್ತು. ಚಕ್ಕೆಗೆ ಕಪ್ಪು ಬಣ್ಣ ಬಳಿದು ಅದೇ ಕನ್ನಡಿಯನ್ನು ಇಂದಿಗೂ ಬಳಸುತ್ತಿದ್ದೇನೆ. ಚಿತ್ರದಲ್ಲಿ ವ್ಯತ್ಯಾಸ ಹುಡುಕಿ ಕೊಟ್ಟವರಿಗೆ ಒಂದು ಕಿಲೋ ಕಾಫಿ ಪುಡಿ.

ಕಣ ಬಿಟ್ಟು ಕೆರೆ ಏರಿಗೆ ಹೋದದ್ದರಿಂದ ಅರ್ಧ ಸಮಸ್ಯೆ ಮುಗಿಯಿತು. ನಮ್ಮ ಕೆರೆಯ ಏರಿ ಉತ್ತರಕ್ಕಿದೆ, ನೀರು ದಕ್ಷಿಣಕ್ಕೆ. ನೋಟ ಅರ್ಧ ಕಿಲೋಮೀಟರಿನಷ್ಟು ನೀರಿನ ಮೇಲೆ ಹಾದು ಹೋಗುತ್ತದೆ. ನೀರು ಹಗಲು ಅಷ್ಟಾಗಿ ಕಾಯುವುದಿಲ್ಲ, ರಾತ್ರಿ ಅಷ್ಟಾಗಿ ಆರುವುದಿಲ್ಲ. ಮೇಲಿನ ಗಾಳಿ ತಕ್ಕಮಟ್ಟಿಗೆ ನೆಟ್ಟಗಿರುತ್ತದೆ. ಮಂಜು ಏಳದಿದ್ದರೆ ಮಾತ್ರ. ಕಣದಲ್ಲಿ ಐದಾರು ಆರ್ಕ್‌ಸೆಕೆಂಡು ಅಗಲ ಹರಡುತ್ತಿದ್ದ ನಕ್ಷತ್ರ ಇಲ್ಲಿ ಮೂರಕ್ಕೆ ಇಳಿಯಿತು, ಒಳ್ಳೆಯ ರಾತ್ರಿಗಳಲ್ಲಿ ಎರಡಕ್ಕೂ. ಬೆಳಕಿನ ಮಾಲಿನ್ಯದ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಬೇಡಿ. ಮ್ಯಾಗ್ನಿಟ್ಯೂಡು ಎಂದರೆ ಹೊಳಪಿನ ಅಳತೆ, ಸಂಖ್ಯೆ ಕಡಿಮೆಯಾದಷ್ಟೂ ಹೊಳಪು ಹೆಚ್ಚು; ಸೊನ್ನೆ ಮ್ಯಾಗ್ನಿಟ್ಯೂಡಿನ ನಕ್ಷತ್ರಕ್ಕೆ ಊರ ದೀಪ ಏನೂ ಮಾಡುವುದಿಲ್ಲ.

ಆದರೂ ಎರಡು ನಕ್ಷತ್ರ ಬೇರ್ಪಡಲಿಲ್ಲ. ಒಂದು ಉದ್ದನೆಯ ಬಣ್ಣದ ಪಟ್ಟಿ ಕಾಣುತ್ತಿತ್ತು. ಇಲ್ಲಿಯೇ ಹೆಚ್ಚಿನವರು ಕೈಬಿಡುವುದು ಎಂದು ನನ್ನ ಅನುಮಾನ, ಆದ್ದರಿಂದ ಇದನ್ನು ಬಿಡಿಸಿ ಹೇಳುತ್ತೇನೆ. ಆ ಎತ್ತರದಲ್ಲಿ ಬೆಳಕು ನೆತ್ತಿಯ ಮೇಲಿನದಕ್ಕಿಂತ ಮೂರೂವರೆ ಪಟ್ಟು ಗಾಳಿ ದಾಟಿ ಬರುತ್ತದೆ. ಗಾಳಿ ನೀಲಿಯನ್ನು ಕೆಂಪಿಗಿಂತ ಹೆಚ್ಚು ಎತ್ತುತ್ತದೆ. ಹೀಗಾಗಿ ಒಂದೊಂದು ನಕ್ಷತ್ರವೂ ಮೇಲೆ ನೀಲಿ, ಕೆಳಗೆ ಕೆಂಪು ಇರುವ ನಿಂತ ಗೆರೆಯಾಗುತ್ತದೆ. ಉದ್ದ ನಾಲ್ಕೈದು ಆರ್ಕ್‌ಸೆಕೆಂಡು. ಇನ್ನು ಜೋಡಿಯ ಸ್ಥಾನ ನೋಡಿ. ಹೆಚ್ಚು ಹೊಳೆಯುವುದು ಎ, ಇನ್ನೊಂದು ಬಿ. 2022ರ ಕೊನೆಯ ಹೊತ್ತಿಗೆ ಬಿ ನಕ್ಷತ್ರ ಎ ನಕ್ಷತ್ರದ ನೇರ ಉತ್ತರಕ್ಕೆ ಬಂದು ನಿಂತಿತ್ತು. ದಕ್ಷಿಣ ದಿಗಂತದ ನೆತ್ತಿರೇಖೆಯಲ್ಲಿ (ಉತ್ತರದಿಂದ ನೆತ್ತಿಯ ಮೂಲಕ ದಕ್ಷಿಣಕ್ಕೆ ಹಾಯುವ ಗೆರೆ) ಉತ್ತರ ಎಂದರೆ ನೇರ ಮೇಲೆ. ಎ ನಕ್ಷತ್ರದ ನೀಲಿ ತಲೆ, ಬಿ ನಕ್ಷತ್ರದ ಕೆಂಪು ಕಾಲು ಒಂದೇ ಗೆರೆಯಲ್ಲಿ ಎದುರು ಬದುರು. ಕುದಿತ ಒಂದಿಷ್ಟು ಸೇರಿದರೆ ಎರಡೂ ಅಂಟಿಕೊಳ್ಳುತ್ತವೆ. 2016ರಲ್ಲಿ ಜೋಡಿ ಓರೆಯಾಗಿತ್ತು, ಸ್ಥಾನಕೋನ (ಉತ್ತರದಿಂದ ಪೂರ್ವದ ಕಡೆಗೆ ಎಣಿಸುವ ಕೋನ) 300 ಡಿಗ್ರಿ. ಆದರೆ ಆಗ ಅಂತರವೇ ನಾಲ್ಕು ಆರ್ಕ್‌ಸೆಕೆಂಡು. ಕಕ್ಷೆ ನಮ್ಮ ಅನುಕೂಲ ಕೇಳಿ ತಿರುಗುವುದಿಲ್ಲ.

ನೆತ್ತಿರೇಖೆಯಿಂದ ಒಂದು ಗಂಟೆ ಆಚೀಚೆ ಹೋದರೆ ಬಣ್ಣದ ಗೆರೆ ಜೋಡಿಗೆ ಸುಮಾರು ಹದಿನೈದು ಡಿಗ್ರಿ ಓರೆಯಾಗುತ್ತದೆ, ಎತ್ತರ ಮಾತ್ರ ಒಂದೇ ಡಿಗ್ರಿ ಇಳಿಯುತ್ತದೆ. ಇದರಿಂದ ಕೊಂಚ ಲಾಭವಾಯಿತು. ಸಾಲದು. ಬೇಕಾದದ್ದು ಫಿಲ್ಟರ್.

ನಾಟಕದ ದೀಪಕ್ಕೆ ಕಟ್ಟುವ ಹಸಿರು ಹಾಳೆಯಿಂದ ಶುರು ಮಾಡಿದೆ, ನಲವತ್ತು ರೂಪಾಯಿ. ಬೆಳಕಿನ ಅಂಚು ಒರಟಾಗಿ ಬಂತು. ಆಮೇಲೆ ಐಪೀಸಿಗೆ ಹಾಕುವ ಸಾಮಾನ್ಯ ಹಸಿರು ಗಾಜು, ಆರುನೂರೋ ಏಳುನೂರೋ. ಗೆರೆ ಅರ್ಧಕ್ಕಿಂತ ಕಡಿಮೆಯಾಯಿತು, ಬಿ ನಕ್ಷತ್ರ ಮೊದಲ ಬಾರಿಗೆ ಕತ್ತು ಎತ್ತಿತು. ಆ ವರ್ಷ ಮೆಣಸಿಗೆ ಒಳ್ಳೆಯ ಬೆಲೆ ಬಂದಿತ್ತು. ಮನೆಯಲ್ಲಿ ಹೇಳದೆ ಸೂರ್ಯ ನೋಡುವವರು ಬಳಸುವ, 540 ನ್ಯಾನೋಮೀಟರಿನ ಸುತ್ತ ಹತ್ತು ನ್ಯಾನೋಮೀಟರ್ ಮಾತ್ರ ಬಿಡುವ ಹಸಿರು ಫಿಲ್ಟರ್ ತರಿಸಿದೆ. ಏಳೆಂಟು ಸಾವಿರ ಬಿದ್ದಿತು. ಇಷ್ಟು ಕಿರಿದಾದ ಫಿಲ್ಟರನ್ನು ರಾತ್ರಿ ಆಕಾಶಕ್ಕೆ ಹಾಕುತ್ತಾರೆಯೇ ಎಂದು ಗೆಳೆಯ ಕೇಳಿದ. ಮಂಕು ನಕ್ಷತ್ರಕ್ಕಾದರೆ ಹುಚ್ಚು. ಎ ನಕ್ಷತ್ರ ಸೊನ್ನೆ ಮ್ಯಾಗ್ನಿಟ್ಯೂಡು, ಬಿ ನಕ್ಷತ್ರ 1.3, ಆರು ಇಂಚಿಗೆ ಸೆಕೆಂಡಿನ ನೂರನೇ ಒಂದು ಭಾಗದ ಎಕ್ಸ್‌ಪೋಷರ್ ಸಾಕು. ಫಿಲ್ಟರ್ ಹಾಕಿದ ಮೊದಲ ರಾತ್ರಿಯೇ ಗೆರೆಗಳು ಹೋಗಿ ಎರಡು ಚುಕ್ಕೆಗಳು ಬಂದವು. ನಡುವೆ ಕಪ್ಪು ಆಕಾಶ, ಒಂದರ ಮೇಲೊಂದು.

ಇನ್ನು ಮೋಟಾರಿನ ವಿಷಯ. ಕೈಯಿಂದ ತಳ್ಳಿ ತಿರುಗಿಸುವ ಡಾಬ್ಸೋನಿಯನ್ ಎಂಬ ಪ್ಲೈವುಡ್ ಪೆಟ್ಟಿಗೆಯಲ್ಲಿ ನಕ್ಷತ್ರ ಓಡುತ್ತದೆ ಎಂದು ಎಲ್ಲರ ದೂರು. ಓಡಲಿ ಬಿಡಿ, ಆ ಓಟವೇ ಅಳತೆಗೋಲು. ಎ ನಕ್ಷತ್ರವನ್ನು ಫ್ರೇಮಿನ ಪೂರ್ವದ ಅಂಚಿನಲ್ಲಿ ಇಟ್ಟು ಕೈ ತೆಗೆದರೆ ಅದು ಪಶ್ಚಿಮದ ಅಂಚಿಗೆ ತಾನೇ ಸಾಗುತ್ತದೆ. ಆ ದಾರಿ ಪೂರ್ವ-ಪಶ್ಚಿಮ ದಿಕ್ಕನ್ನು ಕೊಡುತ್ತದೆ, ತೆಗೆದುಕೊಂಡ ಸಮಯ ಒಂದು ಪಿಕ್ಸೆಲ್ ಎಂದರೆ ಎಷ್ಟು ಎಂಬುದನ್ನು ಕೊಡುತ್ತದೆ. ಕ್ಯಾಮೆರಾ ಎಷ್ಟು ಓರೆಯಾಗಿ ಕೂತಿದೆ, ಬಾರ್ಲೋ (ಚಿತ್ರ ಹಿಗ್ಗಿಸುವ ಮಸೂರ) ನಿಜಕ್ಕೂ ಮೂರು ಪಟ್ಟೋ ಎರಡೂಮುಕ್ಕಾಲೋ ಎಂಬ ಚಿಂತೆಯೇ ಬೇಡ. ಆಕಾಶದ ಸಮಭಾಜಕದ ನಕ್ಷತ್ರ ಸೆಕೆಂಡಿಗೆ ಹದಿನೈದು ಆರ್ಕ್‌ಸೆಕೆಂಡು ಓಡಿದರೆ, ಅರವತ್ತೊಂದು ಡಿಗ್ರಿ ದಕ್ಷಿಣದಲ್ಲಿರುವ ಇದು ಏಳು ಚಿಲ್ಲರೆ ಮಾತ್ರ. ನನ್ನ 1200 ಮಿಲಿಮೀಟರ್ ಫೋಕಸಿಗೆ ಮೂರು ಪಟ್ಟು ಬಾರ್ಲೋ, 3.75 ಮೈಕ್ರಾನ್ ಪಿಕ್ಸೆಲ್. ಫ್ರೇಮ್ ದಾಟಲು ಮೂವತ್ತೇಳು ಸೆಕೆಂಡಿನ ಆಸುಪಾಸು. ಅಷ್ಟರಲ್ಲಿ ವಿಡಿಯೋದ ಸಾವಿರದ ಎಂಟುನೂರರಷ್ಟು ಫ್ರೇಮ್ ಸಿಗುತ್ತವೆ. ನಕ್ಷತ್ರ ಅಂಚು ಮುಟ್ಟಿದ ಕೂಡಲೇ ಕೊಳವೆಯನ್ನು ಮೆಲ್ಲಗೆ ತಳ್ಳಿ ಮತ್ತೆ ಪೂರ್ವದ ಅಂಚಿಗೆ ತರಬೇಕು. ಪೆಟ್ಟಿಗೆಯ ಕೆಳಗೆ ಟೆಫ್ಲಾನ್ ಬಿಲ್ಲೆ ಚೆನ್ನಾಗಿರಬೇಕು; ನನ್ನದು ಮಿಕ್ಸಿ ರಿಪೇರಿಯವನಿಂದ ತಂದದ್ದು.

ಮೊದಲು ಕೊಂಡ ಒಂಬೈನೂರು ರೂಪಾಯಿಯ ಬಾರ್ಲೋ ಬಗ್ಗೆ ಒಂದು ಮಾತು: ಕೊಳ್ಳಬೇಡಿ. ಅದರಲ್ಲಿ ಎ ನಕ್ಷತ್ರಕ್ಕೆ ಬಾಲ ಬರುತ್ತಿತ್ತು, ಆ ಬಾಲದ ತುದಿಯನ್ನೇ ಬಿ ಎಂದು ತೋರಿಸಿದರೂ ನೆಂಟರು ಒಪ್ಪುತ್ತಿದ್ದರು. ಎರಡನೆಯದಕ್ಕೆ ಐದು ಸಾವಿರದ ಮೇಲೆ ಕೊಟ್ಟೆ. ಕ್ಯಾಮೆರಾ ಸೆಕೆಂಡ್ ಹ್ಯಾಂಡ್, ಹದಿನಾಲ್ಕು ಸಾವಿರ. ಲ್ಯಾಪ್‌ಟಾಪ್ ಮಗಳು ಬಿಟ್ಟುಹೋದದ್ದು, ಬ್ಯಾಟರಿ ಪವರ್ ಟಿಲ್ಲರಿನದು. ಕನ್ನಡಿಯ ಗಾಜು ಹಳೆಯದು, ಅದನ್ನು ಬಿಟ್ಟರೂ ಮೂವತ್ತು ಸಾವಿರ ದಾಟಿತು. ಮೋಟಾರಿರುವ ಒಳ್ಳೆಯ ಮೌಂಟ್ ಒಂದಕ್ಕೇ ಇದರ ಎರಡರಷ್ಟು ಕೇಳುತ್ತಾರೆ.

ಫ್ರೇಮುಗಳಲ್ಲಿ ನೂರಕ್ಕೆ ಐದನ್ನೋ ಆರನ್ನೋ ಇಟ್ಟುಕೊಂಡು ಉಳಿದದ್ದನ್ನು ಎಸೆಯುತ್ತೇನೆ. ತಂತ್ರಾಂಶ ತಾನೇ ಆರಿಸಿದ ಫ್ರೇಮುಗಳನ್ನು ನಂಬಿದರೆ ಅಂತರ ಪ್ರತಿ ಬಾರಿಯೂ ಮೂರು ನಾಲ್ಕು ದಶಾಂಶ ಕಡಿಮೆ ಬರುತ್ತಿತ್ತು. ಅದು ಹೊಳಪನ್ನು ನೋಡಿ ಆರಿಸುತ್ತದೆ, ಎರಡು ನಕ್ಷತ್ರ ಗಾಳಿಯಲ್ಲಿ ಒಂದರ ಕಡೆಗೊಂದು ಜಾರಿದ ಕ್ಷಣವೂ ಅದಕ್ಕೆ ಚೆಂದವೇ. ನಾನು ಆರಿಸುವ ಸೂತ್ರ ಬೇರೆ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಎರಡು ಋತುವಿನ ನಿದ್ದೆ ಕೊಟ್ಟು ಕಂಡುಕೊಂಡದ್ದು. ಬಿ ನಕ್ಷತ್ರದ ಆಕಾರ ನೋಡಿ, ಎ ನಕ್ಷತ್ರದ್ದಲ್ಲ ಎಂಬಷ್ಟು ಸುಳಿವು ಸಾಕು.

ವಾತಾವರಣದ ವಕ್ರೀಭವನದಿಂದ ಲಂಬ ಅಂತರವೇ ಕುಗ್ಗುತ್ತದಲ್ಲ ಎಂದು ಬೆಂಗಳೂರಿನ ಹಿರಿಯರು ಮತ್ತೊಂದು ಕೊಕ್ಕೆ ಹಾಕಿದರು. ಕುಗ್ಗುತ್ತದೆ. ಲೆಕ್ಕ ಹಾಕಿ ಕೊಟ್ಟೆ: ನೂರಕ್ಕೆ ಅರ್ಧ ಭಾಗವೂ ಇಲ್ಲ, ಎಂಟು ಆರ್ಕ್‌ಸೆಕೆಂಡಿನಲ್ಲಿ ಒಂದು ದಶಾಂಶದ ಮೂರನೇ ಒಂದು ಪಾಲು. ಆಮೇಲೆ ಅವರು ಆ ಮಾತು ಎತ್ತಿಲ್ಲ.

ತಾಳೆ ನೋಡಲು ಅದೇ ರಾತ್ರಿ ಉತ್ತರಕ್ಕೆ ತಿರುಗಿ ವಸಿಷ್ಠನನ್ನು ಹಿಡಿಯುತ್ತೇನೆ. ಮದುವೆಯಲ್ಲಿ ಪುರೋಹಿತರು ಹಗಲಿನಲ್ಲೇ ತೋರಿಸುವ ಅರುಂಧತಿಯ ಪಕ್ಕದವನು. ಅವನೇ ಸ್ವತಃ ಜೋಡಿ, ಅಂತರ 14.4 ಆರ್ಕ್‌ಸೆಕೆಂಡು, ನಮ್ಮ ಆಯಸ್ಸಿನಲ್ಲಿ ಬದಲಾಗುವ ಪೈಕಿ ಅಲ್ಲ. ನಲವತ್ತೆಂಟು ಡಿಗ್ರಿ ಎತ್ತರದಲ್ಲಿ ಸಿಗುತ್ತಾನೆ. ಅವನಲ್ಲಿ 14.3ರಿಂದ 14.5ರೊಳಗೆ ಬಂದರೆ ಮಾತ್ರ ಆ ರಾತ್ರಿಯ ಆಲ್ಫಾ ಸೆಂಟಾರಿಯನ್ನು ಪುಸ್ತಕಕ್ಕೆ ಏರಿಸುತ್ತೇನೆ.

ಋತುವಿನ ಲೆಕ್ಕವನ್ನು ಬಯಲುಸೀಮೆಯವರು ಬೇರೆಯೇ ಹಾಕಿಕೊಳ್ಳಬೇಕು. ನಮಗೆ ಫೆಬ್ರವರಿ ಕೊನೆಯಲ್ಲಿ ಬೆಳಗಿನ ಜಾವ ಐದರ ಹೊತ್ತಿಗೆ ನೆತ್ತಿರೇಖೆಗೆ ಬರುತ್ತದೆ, ಮಾರ್ಚ್ ನಡುವೆ ಮೂರೂಮುಕ್ಕಾಲಿಗೆ, ಮೇ ಮೊದಲ ವಾರ ಹನ್ನೆರಡೂಕಾಲರ ಸುಮಾರಿಗೆ. ಸಂಜೆಯೇ ಆರಾಮವಾಗಿ ನೋಡೋಣ ಎಂದು ಜೂನ್ ಕಾದರೆ ಮಳೆಗಾಲ. ಫೆಬ್ರವರಿಯಲ್ಲಿ ಸುತ್ತಲಿನ ರೊಬಸ್ಟಾ ತೋಟಗಳಲ್ಲಿ ಸ್ಪ್ರಿಂಕ್ಲರ್ ತಿರುಗುತ್ತಿರುತ್ತವೆ, ಗಾಳಿಯೆಲ್ಲ ತೇವ. ಮಾರ್ಚಿನಲ್ಲಿ ಗುಡ್ಡದ ಬೆಂಕಿಯ ಹೊಗೆ ದಿಗಂತಕ್ಕೆ ಕಂದು ಪಟ್ಟಿ ಕಟ್ಟುತ್ತದೆ. ನನ್ನ ಒಳ್ಳೆಯ ಅಳತೆಗಳೆಲ್ಲ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿದ್ದು ಬಿಟ್ಟ ಮೇಲಿನ ಎರಡು ಮೂರು ರಾತ್ರಿಗಳವು. ಧೂಳು ಹೊಗೆ ತೊಳೆದು ಹೋಗಿರುತ್ತದೆ, ನಕ್ಷತ್ರ ಬರಿಗಣ್ಣಿಗೇ ಒಂದು ಹಂತ ಹೆಚ್ಚು ಹೊಳೆಯುತ್ತದೆ.

ಕಳೆದುಕೊಂಡ ರಾತ್ರಿಗಳಲ್ಲಿ ಮೋಡಕ್ಕಿಂತ ಆನೆಯ ಪಾಲು ದೊಡ್ಡದು. ಸಂಜೆ ಅರಣ್ಯ ಇಲಾಖೆಯ ವಾಟ್ಸಾಪ್ ಸಂದೇಶದಲ್ಲಿ ನಮ್ಮ ಊರಿನ ಹೆಸರೋ ಪಕ್ಕದ ಊರಿನ ಹೆಸರೋ ಇದ್ದರೆ ಆವತ್ತು ಏರಿಗೆ ಹೋಗುವ ಪ್ರಶ್ನೆಯಿಲ್ಲ. ಕೆರೆ ಎಂದ ಮೇಲೆ ಅವೂ ನೀರಿಗೆ ಬರುತ್ತವೆ. ಆಕಾಶ ಕನ್ನಡಿಯಂತಿದ್ದ ಎಷ್ಟೋ ರಾತ್ರಿ ಮನೆಯ ಜಗುಲಿಯಲ್ಲಿ ಕೂತು ಸಿಲ್ವರ್ ಓಕ್ ನೋಡಿದ್ದೇನೆ. ಇನ್ನೊಂದು ಸಲ ಮೀನಿನ ಹರಾಜು ಹಿಡಿದವರ ಕಾವಲುಗಾರ ಟಾರ್ಚ್ ಬಿಟ್ಟುಕೊಂಡು ಓಡಿ ಬಂದ. ನಡುರಾತ್ರಿ ಏರಿಯ ಮೇಲೆ ಉದ್ದನೆಯ ಕೊಳವೆ ಇಟ್ಟುಕೊಂಡವನನ್ನು ಕಂಡರೆ ಯಾರಿಗಾದರೂ ಅನುಮಾನವೇ. "ಗೌಡರೇ, ಬಲೆ ಎಲ್ಲಿ ಬಚ್ಚಿಟ್ಟಿದ್ದೀರಿ?" ಎಂದು ಕೇಳಿದ. ಐಪೀಸಿಗೆ ಕಣ್ಣಿಡಿಸಿದೆ. "ಎರಡಿವೆ" ಎಂದ, ಕೇಳುವ ಮೊದಲೇ. ನನ್ನ ಮೊದಲ ಸ್ವತಂತ್ರ ಸಾಕ್ಷಿ ಅವನೇ.

ಅವನಿಗೆ ತೋರಿಸಿದ್ದು ಫಿಲ್ಟರಿನಲ್ಲಲ್ಲ. ಹಸಿರು ಚುಕ್ಕೆ ತೋರಿಸಿದರೆ ನೋಡುವವರಿಗೆ ಖುಷಿಯಿಲ್ಲ. ಗಾಳಿಯ ಬಣ್ಣ ತಿದ್ದುವ ಪ್ರಿಸಂ ಜೋಡಿಯನ್ನು ಸಾವಿರಗಟ್ಟಲೆ ರೂಪಾಯಿಗೆ ಮಾರುತ್ತಾರೆ. ನಾನು ಹಾಸನದ ಕನ್ನಡಕದ ಅಂಗಡಿಯಲ್ಲಿ, ಕಣ್ಣು ಪರೀಕ್ಷೆಯ ಹಳೆಯ ಪೆಟ್ಟಿಗೆಯಿಂದ ನಾಲ್ಕು ಡಯಾಪ್ಟರಿನ ಪ್ರಿಸಂ ಒಂದನ್ನು ನೂರೈವತ್ತಕ್ಕೆ ತಂದೆ. ಫೋಕಸಿಗೆ ಮೊದಲು ಸರಿಯಾದ ದೂರದಲ್ಲಿ ಇಟ್ಟು ತಿರುಗಿಸುತ್ತಾ ಹೋದರೆ ಒಂದು ಕಡೆ ನೀಲಿಯೂ ಕೆಂಪೂ ಒಂದರೊಳಗೊಂದು ಸೇರಿ ನಕ್ಷತ್ರ ಬೆಳ್ಳಗಾಗುತ್ತದೆ. ದೂರ ಎಷ್ಟು ಎಂದು ಕೇಳಬೇಡಿ, ನಿಮ್ಮ ಫೋಕಸರಿನಲ್ಲಿ ನೀವೇ ಹುಡುಕಿ. ಎ ಸ್ವಲ್ಪ ಹಳದಿ, ಬಿ ಕಿತ್ತಳೆಯ ಕಡೆಗೆ: ಆ ಬಣ್ಣ ಗಾಳಿಯದ್ದಲ್ಲ, ಅವುಗಳದ್ದೇ. ಅಳತೆಗೆ ಮಾತ್ರ ಪ್ರಿಸಂ ಬಳಸುವುದಿಲ್ಲ.

ಅದೇ ಸಾಧನದಲ್ಲಿ ತ್ರಿಶಂಕುವಿನ ಬುಡದ ಆಲ್ಫಾ ಕ್ರೂಸಿಸ್ ನೋಡಿದೆ. ನಾಲ್ಕು ಆರ್ಕ್‌ಸೆಕೆಂಡಿನ ಜೋಡಿ, ನಮ್ಮಲ್ಲಿ ಹದಿಮೂರೂವರೆ ಡಿಗ್ರಿ ಮಾತ್ರ ಏರುತ್ತದೆ. ಹೂಮಳೆಯ ಮರುದಿನ ಒಮ್ಮೆ ಎರಡಾಗಿ ಬಿಟ್ಟುಕೊಂಡಿತು, ಅಳೆಯುವಷ್ಟು ಹೊತ್ತು ನಿಲ್ಲಲಿಲ್ಲ. ಕನ್ಯಾ ರಾಶಿಯ ಪೊರಿಮಾ 2005ರಲ್ಲಿ ಅರ್ಧ ಆರ್ಕ್‌ಸೆಕೆಂಡಿಗೂ ಹತ್ತಿರ ಸರಿದು ಸಣ್ಣ ದೂರದರ್ಶಕಗಳಿಗೆ ಸಿಗದಂತಾಗಿದ್ದದ್ದು ಈಗ ಮೂರಕ್ಕೂ ಮೇಲೆ ಹೋಗಿದೆ, ನೆತ್ತಿಯ ಹತ್ತಿರ ಬರುತ್ತದೆ; ಅದನ್ನು ಅಳೆಯುವುದು ಮಕ್ಕಳಾಟ. ಸಿರಿಯಸ್ ನಕ್ಷತ್ರದ ಮಂಕು ಜೊತೆಗಾರ ಸಿರಿಯಸ್ ಬಿ ಮಾತ್ರ ಸೋಲಿಸಿದೆ. ಹನ್ನೊಂದು ಆರ್ಕ್‌ಸೆಕೆಂಡು ದೂರ ಎಂದರೆ ಆಲ್ಫಾ ಸೆಂಟಾರಿಗಿಂತ ಸುಲಭ ಅನ್ನಿಸುತ್ತದೆ, ಆದರೆ ಪಕ್ಕದವನು ಹತ್ತು ಮ್ಯಾಗ್ನಿಟ್ಯೂಡು ಹೆಚ್ಚು ಹೊಳೆಯುತ್ತಾನೆ. ರಟ್ಟಿನಲ್ಲಿ ಷಟ್ಕೋನದ ಮುಖವಾಡ ಕತ್ತರಿಸಿ ಹಾಕಿ ಕೂಡ ನೋಡಿದೆ. ಎರಡು ಸಲ ಕಂಡಂತಾಯಿತು. ಕಂಡಂತಾದದ್ದನ್ನು ನಾನು ಪುಸ್ತಕಕ್ಕೆ ಏರಿಸುವುದಿಲ್ಲ. ಆಲ್ಫಾ ಸೆಂಟಾರಿ ಜೋಡಿಗೆ ಸೇರಿದ ಮೂರನೆಯ ನಕ್ಷತ್ರ ಪ್ರಾಕ್ಸಿಮಾ, 1915ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ರಾಬರ್ಟ್ ಇನ್ನೆಸ್ ಕಂಡುಹಿಡಿದದ್ದು. ಎರಡು ಡಿಗ್ರಿ ಆಚೆ, ಹನ್ನೊಂದನೇ ಮ್ಯಾಗ್ನಿಟ್ಯೂಡು. ಆ ದಪ್ಪ ಗಾಳಿಯಲ್ಲಿ ಆರು ಇಂಚಿಗೆ ನಿಲುಕಲಿಲ್ಲ.

ಶುರು ಮಾಡುವವರು ಈಗಲೇ ಮಾಡಬೇಕು. ಆಲ್ಫಾ ಸೆಂಟಾರಿಯ ಅಂತರ 2029ರ ಹೊತ್ತಿಗೆ ಹತ್ತು ಆರ್ಕ್‌ಸೆಕೆಂಡು ದಾಟಿ, ಅಲ್ಲಿಂದ ಇಳಿಯಲು ಶುರುವಾಗುತ್ತದೆ. 2035ರಲ್ಲಿ ಎರಡೂ ಕಕ್ಷೆಯಲ್ಲಿ ಅತ್ಯಂತ ಹತ್ತಿರ ಬರುತ್ತವೆ. 2037-38ರ ಹೊತ್ತಿಗೆ ನಮಗೆ ಕಾಣುವ ಅಂತರ ಎರಡಕ್ಕೂ ಕೆಳಗೆ. ಆಗ ಈ ಅಕ್ಷಾಂಶದಿಂದ ಆರು ಇಂಚು ಏನೂ ಮಾಡಲಾರದು. ಅದಕ್ಕೆಂದೇ ಎಂಟು ಇಂಚಿನ ಗಾಜು ತಂದಿಟ್ಟಿದ್ದೇನೆ, ಒರಟು ಉಜ್ಜುವಿಕೆ ಮುಗಿದಿದೆ. ಲೇಪಕ್ಕೆ ಈ ಸಲ ಕೊರಿಯರ್ ನಂಬುವುದಿಲ್ಲ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ನಾನೇ ಹೋಗುತ್ತೇನೆ. ಮೆಣಸು ಬಿಡಿಸಿದ ಮೇಲೆ.